ಎಲೆಗೆ ಅಡ್ಡ ಹಿಡಿದ ಕೈ

‘ಗಾಂಜಾ ಸೇದಿದವರು ಗಾಡಿ ನಿಧಾನ ಓಡಿಸ್ತಾರೆ, ಕುಡಿದವರ ಹಾಗಲ್ಲ.’ ಈ ಮಾತು ಬಹಳ ಸಲ ಕೇಳಿದ್ದೇನೆ. ಎಷ್ಟೋ ಜನ ನಿಧಾನ ಹೋಗುವುದು ನಿಜ. ಅದರಿಂದ ಅಪಾಯ ತಪ್ಪುತ್ತದೆ ಅನ್ನುವುದು ಸುಳ್ಳು.

ಊಟದ ಪಂಕ್ತಿ ನೆನಪಿಸಿಕೊಳ್ಳಿ. ಸಾರು ಸಾಕು ಅನ್ನಿಸಿದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಅಲ್ವಾ? ಮೆದುಳಿನಲ್ಲೂ ಹೀಗೇ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಬಡಿಸುತ್ತದೆ. ಸಾಕಾದಾಗ ಉಣ್ಣುವ ಕೋಶ ಒಂದು ರಾಸಾಯನಿಕವನ್ನು ಹಿಂದಕ್ಕೆ ಕಳಿಸಿ ಬಡಿಸುವವರನ್ನು ತಡೆಯುತ್ತದೆ. ಇಂಥದ್ದೊಂದು 1992ರಲ್ಲಿ ಇಸ್ರೇಲಿನ ರಸಾಯನವಿಜ್ಞಾನಿ ರಫಾಯೆಲ್ ಮೆಶುಲಮ್ ಅವರ ಪ್ರಯೋಗಾಲಯದಲ್ಲಿ ಸಿಕ್ಕಿತು. ಹೆಸರು ಆನಂದಮೈಡ್. ಹೌದು, ನಮ್ಮ ‘ಆನಂದ’ವೇ! 1964ರಲ್ಲಿ ಗಾಂಜಾದಿಂದ ಅದರ ಮತ್ತೇರಿಸುವ ಅಂಶ ಟಿಎಚ್‌ಸಿಯನ್ನು ಬೇರ್ಪಡಿಸಿದವರಲ್ಲೂ ಅವರೊಬ್ಬರು.

ಆನಂದಮೈಡ್ ಕೂರುವ ಜಾಗದಲ್ಲೇ ಟಿಎಚ್‌ಸಿ ಹೋಗಿ ಕೂರುತ್ತದೆ. ಬೇಗ ಸರಿಯಬೇಕಾದ ಕೈ ಗಂಟೆಗಟ್ಟಲೆ ಎಲೆಗೆ ಅಡ್ಡ ನಿಲ್ಲುತ್ತದೆ, ಅದೂ ಪಂಕ್ತಿಯ ಉದ್ದಕ್ಕೂ. ಅನ್ನ ಒಣಗಿದ್ದರೂ ಸಾರು ಬೀಳುವುದಿಲ್ಲ.

ಮೈಯ ಸಮತೋಲ, ಚಲನೆ ನೋಡಿಕೊಳ್ಳುವ ಕಿರುಮೆದುಳಿನಲ್ಲಿ ಈ ಜಾಗಗಳು ತುಂಬಾ ಜಾಸ್ತಿ. ತುಂಬಿದ ಕೊಡ ಹೊತ್ತು ನಡೆಯುವವರ ಕತ್ತು ನೋಡಿ. ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಸರಿಮಾಡಿಕೊಳ್ಳುತ್ತಿರುತ್ತದೆ. ಸ್ಟಿಯರಿಂಗ್ ಹಿಡಿದ ಕೈಯೂ ಅಷ್ಟೇ. ಅದು ತಡವಾದರೆ ಗಾಡಿ ಲೇನಿನೊಳಗೆ ಓಲಾಡುತ್ತದೆ. ಹೊತ್ತಿನ ಅಂದಾಜೂ ಕೆಡುತ್ತದೆ. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ಅಂದರೆ ಸುಮಾರು 17 ಮೀಟರ್ ರಸ್ತೆ. ಖಾಲಿ ರಸ್ತೆಯಲ್ಲಿ ನಿಧಾನ ಹೋಗಿ ಹೇಗೋ ಸಂಭಾಳಿಸಬಹುದು. ಮುಂದೆ ಹಸು ನುಗ್ಗಿ, ಹಿಂದೆ ಲಾರಿ ಹಾರ್ನ್ ಹೊಡೆದಾಗ ಎರಡೂ ಕಡೆ ಒಟ್ಟಿಗೆ ಗಮನ ಬೇಕು. ಕೈಕೊಡುವುದು ಅಲ್ಲೇ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 191 ಜನರನ್ನು ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ (ಗಾಡಿ ಓಡಿಸಿದ ಅನುಭವ ಕೊಡುವ ಯಂತ್ರ) ಕೂರಿಸಿ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸೇದಿ ಒಂದೂವರೆ ಗಂಟೆಯಾದಾಗ ಅನೇಕರಿಗೆ ‘ಈಗ ಓಡಿಸಬಹುದು’ ಅನ್ನಿಸಿತ್ತು. ಅವರ ಚಾಲನೆ ಮಾತ್ರ ಸುಧಾರಿಸಿರಲಿಲ್ಲ. ನನ್ನನ್ನು ಹೆದರಿಸುವುದು ಇದೇ. ದಾರಿಯಲ್ಲಿ ಪೊಲೀಸರು ಊದಿಸುವ ಯಂತ್ರ ಮದ್ಯವನ್ನಷ್ಟೇ ಹಿಡಿಯುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಮದ್ಯದ ಜೊತೆ ಮಾದಕವಸ್ತುವನ್ನೂ ಹೆಸರಿಸಿದೆ.

ಗಾಂಜಾ ಗಿಡದ ಎಲೆ ಅರೆದು ಮಾಡುವ ಭಂಗಿಯದು ಇನ್ನೊಂದು ಕಥೆ. ಹೊಗೆ ನಿಮಿಷಗಳಲ್ಲಿ ತಲೆಗೇರುತ್ತದೆ. ಹೊಟ್ಟೆಗೆ ಹೋದದ್ದು ಒಂದೆರಡು ಗಂಟೆಯನ್ನೂ ತೆಗೆದುಕೊಳ್ಳಬಹುದು. ಹೋಳಿಯ ದಿನ ಭಂಗಿ ಬೆರೆಸಿದ ಒಂದು ಲೋಟ ಥಂಡಾಯಿ ಕುಡಿದು, ಅರ್ಧ ಗಂಟೆ ಕಾದು, ‘ಏನೂ ಆಗ್ಲಿಲ್ಲ ಬಿಡು’ ಅಂತ ಹುಡುಗ ಬೈಕಿನ ಕೀಲಿ ತಿರುಗಿಸುತ್ತಾನೆ. ಅದು ಏರುವ ಹೊತ್ತಿಗೆ ಅವನು ಬೈಪಾಸ್ ಮೇಲಿರುತ್ತಾನೆ, ಹಿಂದಿನ ಸೀಟಿನಲ್ಲಿ ತಮ್ಮನನ್ನು ಕೂರಿಸಿಕೊಂಡು.