ಶೇಖ್ ಎಂದರೆ ಪಾಳೇಗಾರನಲ್ಲ

ಪಶ್ಚಿಮ ಏಷ್ಯಾದ ಇತಿಹಾಸ ಪಾಠ ಮಾಡುವ ನನಗೆ ಪ್ರತಿ ವರ್ಷ ಉತ್ತರಪತ್ರಿಕೆಗಳಲ್ಲಿ ಅದೇ ಸಾಲು ಸಿಗುತ್ತದೆ: ‘ಫೈಸಲ್ ಅಲ್ ದುವೈಶ್ ರಾಜನಿಗೆ ದ್ರೋಹ ಬಗೆದ ಪಾಳೇಗಾರ.’ ತಿದ್ದಿ ತಿದ್ದಿ ಸಾಕಾಗಿದೆ. ದುವೈಶ್ ಅರೇಬಿಯಾದ ಮುತೈರ್ ಎಂಬ ಅಲೆಮಾರಿ ಬುಡಕಟ್ಟಿನ ಶೇಖ್, ಅಂದರೆ ಮುಖಂಡ; ರಾಜ ಎಂದರೆ ಸೌದಿ ಅರೇಬಿಯಾ ಕಟ್ಟಿದ ಇಬ್ನ್ ಸೌದ್.

ಮುತೈರ್ ಬುಡಕಟ್ಟಿನ ಶೇಖನ ಮಾತು ನಡೆಯುತ್ತಿದ್ದುದು ಅವನ ಜನ ಒಪ್ಪಿದಷ್ಟು ದಿನ ಮಾತ್ರ. ಒಂಟೆಗೆ ಮೇವು-ನೀರು ಕಾಣಿಸದವನನ್ನು, ದಾಳಿಯ ಪಾಲು ಹಂಚದವನನ್ನು ಬಿಟ್ಟು, ಡೇರೆ ಕಿತ್ತುಕೊಂಡು ಹೊರಟುಬಿಡಬಹುದಿತ್ತು. ಅವರ ಸೀಮೆಗೆ ‘ದೀರಾ’ ಎನ್ನುತ್ತಾರೆ. ಅದು ಬಾವಿಗಳ, ಮೇವಿನ ಲೆಕ್ಕ, ಗಡಿಕಲ್ಲಿನ ಲೆಕ್ಕವಲ್ಲ. ಒಮ್ಮೆ ಇದನ್ನು ವಿವರಿಸುವಾಗ ಕುರಿ ಕಾಯುವ ಮನೆಯ ಹುಡುಗನೊಬ್ಬ, ‘ಮಳೆ ಬಿದ್ದ ಕಡೆ ಹೋಗಲೇಬೇಕಲ್ಲ ಸಾರ್’ ಎಂದ. ಆ ದಿನ ಉಳಿದವರಿಗೆ ನಾನು ಹೆಚ್ಚು ಹೇಳಬೇಕಾಗಲಿಲ್ಲ.

1922ರಲ್ಲಿ ಉಕೈರ್‌ನಲ್ಲಿ ಬ್ರಿಟಿಷ್ ಅಧಿಕಾರಿ ಪರ್ಸಿ ಕಾಕ್ಸ್ ಇಬ್ನ್ ಸೌದ್ ಆಳುತ್ತಿದ್ದ ನಜ್ದ್, ಇರಾಕ್, ಕುವೈತ್‌ಗಳ ನಡುವೆ ಗೆರೆ ಎಳೆದ. ಗಡಿ ಹತ್ತಿರದ ಬಾವಿಗಳ ಬಳಿ ಕೋಟೆ ಕಟ್ಟಬಾರದೆಂಬ ಷರತ್ತೂ ಅಲ್ಲಿತ್ತು. 1927ರಲ್ಲಿ ಇರಾಕ್ ಬುಸಯ್ಯದಲ್ಲಿ ಠಾಣೆ ಕಟ್ಟಿಸಿತು. ಅದು ಗಡಿಯಿಂದ ದೂರವಿದೆ ಎಂಬುದು ಇರಾಕಿನ ವಾದ. ಎಷ್ಟು ದೂರವಾದರೆ ‘ಹತ್ತಿರ’ವಲ್ಲ? ಮೇವಿಗಾಗಿ ಅಲೆಯುವವನ ಅಳತೆಯೇ ಬೇರೆ. ಮುತೈರ್ ದಾಳಿಕಾರರು ಠಾಣೆಯಲ್ಲಿದ್ದವರನ್ನು ಕೊಂದರು.

ದುವೈಶ್‌ನನ್ನು ನಾನು ಹೊಗಳುತ್ತಿಲ್ಲ. 1920ರಲ್ಲಿ ಕುವೈತಿನ ಜಹ್ರಾ ಮೇಲೆ ಇಖ್ವಾನ್ ಪಡೆ, ಅಂದರೆ ಧರ್ಮದ ಹೆಸರಿನಲ್ಲಿ ಇಬ್ನ್ ಸೌದ್‌ಗಾಗಿ ಕಾದಾಡುತ್ತಿದ್ದ ಬುಡಕಟ್ಟು ಯೋಧರನ್ನು, ನುಗ್ಗಿಸಿದವನು ಅವನೇ. 1925ರಲ್ಲಿ ಮುತ್ತಿಗೆಗೆ ಸಿಕ್ಕ ಮದೀನಾದ ಜನ ಅವನಿಗೆ ಊರು ಒಪ್ಪಿಸಲು ಹೆದರಿ, ಇಬ್ನ್ ಸೌದ್‌ನ ಮಗನೊಬ್ಬನನ್ನು ಕಳಿಸಿರೆಂದು ಬೇಡಿಕೊಂಡರು. ಧರ್ಮದ ಆವೇಶವೂ ಅವನಲ್ಲಿ ಧಾರಾಳವಾಗಿತ್ತು. ಆದರೆ ಬರೀ ಮತಾಂಧ ಎಂದು ಬರೆದು ಮುಗಿಸಿದರೆ ಬಾವಿ, ಮೇವು, ದಾಳಿಯ ಪಾಲು ಎಲ್ಲವೂ ಕಣ್ಮರೆಯಾಗುತ್ತವೆ. ದಾಳಿಯನ್ನೇ ನಂಬಿ ಬದುಕುತ್ತಿದ್ದವರನ್ನು ಬಳಸಿ ರಾಜ್ಯ ಕಟ್ಟಿದ ಇಬ್ನ್ ಸೌದ್‌ಗೆ, ಬ್ರಿಟಿಷರೊಂದಿಗೆ ಒಪ್ಪಂದವಾದ ಮೇಲೆ ಅದೇ ದಾಳಿ ನಿಲ್ಲಬೇಕಿತ್ತು.

1929ರ ಮಾರ್ಚಿನಲ್ಲಿ ಸಿಬಿಲಾದಲ್ಲಿ ಇಬ್ನ್ ಸೌದ್‌ಗೆ ತಿರುಗಿಬಿದ್ದ ಇಖ್ವಾನ್ ಅವನ ಮೆಷಿನ್ ಗನ್‌ಗಳ ಎದುರು ಸೋತರು. ಹೊಟ್ಟೆಗೆ ಗಾಯವಾಗಿದ್ದ ದುವೈಶ್‌ನನ್ನು ಹೊತ್ತು ತಂದಾಗ ಇಬ್ನ್ ಸೌದ್ ಕ್ಷಮಿಸಿ ಬಿಟ್ಟ. ಕೆಲವೇ ತಿಂಗಳಲ್ಲಿ ದುವೈಶ್ ಮತ್ತೆ ದಂಗೆ ಎದ್ದ. ಅದೇ ವರ್ಷ ಅವನ ಮಗ ಅಜೀಜ್ ದಾಳಿಗೆ ಹೋಗಿ ಮರಳುಗಾಡಿನಲ್ಲಿ ಬಾಯಾರಿ ಸತ್ತ. ಇದನ್ನು ಪಾಠ ಮಾಡುವಾಗ ಇಂದಿಗೂ ನನ್ನ ದನಿ ಇಳಿಯುತ್ತದೆ.

1930ರ ಜನವರಿಯಲ್ಲಿ ಅವನು ಬ್ರಿಟಿಷರಿಗೆ ಶರಣಾದ. ಅವರು ಇಬ್ನ್ ಸೌದ್‌ಗೆ ಒಪ್ಪಿಸಿದರು. ಮರುವರ್ಷ ರಿಯಾದ್‌ನ ಸೆರೆಯಲ್ಲಿ ತೀರಿಕೊಂಡ. ಶರಣಾಗುವಾಗ ತನ್ನ ಮನೆಯ ಹೆಂಗಸರನ್ನು ಕಾಪಾಡಿ ಎಂದು ಅವನು ಒಪ್ಪಿಸಿದ್ದು ಕುವೈತಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಡಿಕ್ಸನ್‌ಗೆ.