ಓದುಗರ ಪ್ರಶ್ನೆ: "ಬೆನ್ನಾಗಿನ ನೀರು ತಗದ್ರ ಕೂಸಿನ ಕಾಲು ಹೋಗ್ತಾವಂತ, ಖರೇ ಏನ್ರಿ?"

ಖರೇ ಅಲ್ಲ. ಮಿದುಳು ಜ್ವರ ಇದೆಯೋ ಇಲ್ಲವೋ ನೋಡಲು ಕೂಸಿನ ಬೆನ್ನಿಗೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ಪರೀಕ್ಷಿಸುತ್ತಾರೆ, ಅದರಿಂದ ಕಾಲು ಹೋಗುವುದಿಲ್ಲ. ಆಳಂದದಿಂದ ಕೇಳಿದರೂ ಸೇಡಂನಿಂದ ಕೇಳಿದರೂ ಉತ್ತರ ಇದೇ. ಆದರೆ ಇಷ್ಟೇ ಹೇಳಿದರೆ ಯಾರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ. ವಾರ್ಡಿನ ಹೊರಗೆ ಕುಂತ ಹಿರಿಯರೊಬ್ಬರು "ಬ್ಯಾಡ" ಅಂದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಮತ್ತೊಮ್ಮೆ ಬಿಡಿಸಿ ಹೇಳಬೇಕು.

"ತೆಗೆಯುವುದು" ಎಂಬ ಮಾತೇ ದಾರಿ ತಪ್ಪಿಸುತ್ತದೆ. ಸಿರಿಂಜು ಹಾಕಿ ಯಾರೂ ಎಳೆಯುವುದಿಲ್ಲ. ನರ್ಸ್ ಕೂಸನ್ನು ಮಗ್ಗುಲಿಗೆ ಮಲಗಿಸಿ, ಮೊಣಕಾಲು ಹೊಟ್ಟೆಯ ಕಡೆ ಮಡಿಸಿ ಹಿಡಿಯುತ್ತಾರೆ. ಸಣ್ಣ ಸೂಜಿ ಇಳಿದ ಮೇಲೆ ಅದರೊಳಗಿನ ತಂತಿ ತೆಗೆದರೆ ನೀರು ತಾನಾಗಿಯೇ ಹನಿ ಹನಿ ಬೀಳುತ್ತದೆ. ಒಂದೊಂದು ಬಾಟಲಿಗೆ ಹತ್ತು-ಹದಿನೈದು ಹನಿ. ಎಲ್ಲ ಸೇರಿ 1ರಿಂದ 2 ಎಂಎಲ್, ಅಂದರೆ ಔಷಧಿ ಚಮಚದ ಅರ್ಧವೂ ಅಲ್ಲ. ಈಗಷ್ಟೇ ಹುಟ್ಟಿದ ಕೂಸಿನಲ್ಲೂ ಈ ನೀರು ಸುಮಾರು 40 ಎಂಎಲ್ ಇರುತ್ತದೆ. ಬಾವಿಯ ಒರತೆಯಂತೆ ಮಿದುಳಿನೊಳಗೆ ಹೊಸ ನೀರು ಸದಾ ಒಸರುತ್ತಿರುತ್ತದೆ, ಹೋದದ್ದು ಕೆಲವೇ ತಾಸಿನಲ್ಲಿ ತುಂಬಿಕೊಳ್ಳುತ್ತದೆ.

ಇನ್ನು ಕಾಲಿನ ಮಾತು. ಹುಟ್ಟಿದ ಕೂಸಿನ ಬೆನ್ನುಹುರಿ ಸೊಂಟದ 3ನೇ ಮಣಿಯ ಹೊತ್ತಿಗೆ ಮುಗಿದಿರುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, 4ನೇ ಮಣಿಯ ಆಜುಬಾಜಿನ ಸಂದಿಗೆ. ಅಲ್ಲಿ ಹುರಿ ಇಲ್ಲ, ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ ಇವೆ. ಪಾತ್ರೆಯ ನೀರಿನಲ್ಲಿ ಬೆಂದ ಶಾವಿಗೆ ತೇಲುತ್ತಿರುವಾಗ ಸೂಜಿ ಇಳಿಸಿ ನೋಡಿ, ಎಳೆ ಪಕ್ಕಕ್ಕೆ ಸರಿಯುತ್ತದೆ. ಒಮ್ಮೊಮ್ಮೆ ಹನಿಯಲ್ಲಿ ರಕ್ತ ಬರುವುದುಂಟು. ಅದು ದಾರಿಯಲ್ಲಿ ಸಣ್ಣ ರಕ್ತನಾಳಕ್ಕೆ ತಾಗಿದ್ದು, ಹುರಿ ಕತ್ತರಿಸಿದ್ದಲ್ಲ. ಇನ್ನೊಂದು ಮಾತು: ಸಿಜೇರಿಯನ್ ಆದ ಹೆಚ್ಚಿನ ತಾಯಂದಿರಿಗೆ ಹೆಚ್ಚುಕಡಿಮೆ ಇದೇ ಜಾಗದಲ್ಲಿ ಸೂಜಿ ಹಾಕಿರುತ್ತಾರೆ, ಮರುದಿನ ಅವರು ಎದ್ದು ಓಡಾಡಿರುತ್ತಾರೆ. ತಾಯಿಯ ಬೆನ್ನಿಗೆ ನಡೆದದ್ದು ಕೂಸಿನ ಬೆನ್ನಿಗೆ ನಡೆಯುವುದಿಲ್ಲವೆಂದರೆ ಯಾವ ಲೆಕ್ಕ?

ಮತ್ತೆ ಕೆಲವು ಮಕ್ಕಳ ಕೈಕಾಲು ಬಿದ್ದದ್ದು ಹೇಗೆ? ಮಿದುಳು ಜ್ವರದಿಂದ. ಸೂಜಿ ಹಾಕುವುದೇ ಆ ಜಡ್ಡಿನ ಶಂಕೆ ಇರುವ ಕೂಸಿಗೆ: ನೆತ್ತಿ ಉಬ್ಬಿದೆ, ಹಾಲು ಬಿಟ್ಟಿದೆ, ಎತ್ತಿಕೊಂಡರೆ ಇನ್ನೂ ಕಿರುಚುತ್ತದೆ, ಫಿಟ್ಸ್ ಬಂದಿದೆ. ಮಿದುಳಿಗೆ ಪೆಟ್ಟು ಕೊಟ್ಟದ್ದು ಸೋಂಕು, ಹೆಸರು ಕೆಟ್ಟದ್ದು ಸೂಜಿಯದು.

ನೀರಿನ ಪರೀಕ್ಷೆ ಇಲ್ಲದಿದ್ದರೆ ಡಾಕ್ಟರು ಅಂದಾಜಿನ ಮೇಲೆ ಔಷಧಿ ಹಾಕಬೇಕಾಗುತ್ತದೆ. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಆದರೆ 10ರಿಂದ 14 ದಿನದ ಔಷಧಿ ಸಾಕು. ನವಜಾತ ಶಿಶುವಿಗೆ ಈ-ಕೋಲೈ ಎಂಬ ಬ್ಯಾಕ್ಟೀರಿಯಾ ತಗುಲಿದ್ದರೆ ಕನಿಷ್ಠ 21 ದಿನ ಬೇಕು. ಮೂರನೇ ದಿನ ಜ್ವರ ಇಳಿಯಿತೆಂದು ಡಿಸ್ಚಾರ್ಜ್ ಕೇಳುವವರು ಈ ಅಂಕಿ ನೆನಪಿಡಿ.

ಸೂಜಿಗೆ ಸ್ವಲ್ಪ ಮುಂಚೆ ಹಾಲು ಕುಡಿಸಬೇಡಿ, ಬಾಗಿಸಿ ಹಿಡಿದಾಗ ವಾಂತಿಯಾಗಿ ಉಸಿರಿನ ಕೊಳವೆಗೆ ಹೋಗಬಹುದು. ಎಷ್ಟು ಹೊತ್ತು ನಿಲ್ಲಿಸಬೇಕೆಂದು ನರ್ಸನ್ನೇ ಕೇಳಿ. ಆಮೇಲೆ ಅವರು ಹೂಂ ಅಂದ ಕೂಡಲೇ ಎತ್ತಿಕೊಂಡು ಕುಡಿಸಬಹುದು. ಪಟ್ಟಿ ತೊಯ್ದಂತೆ ಕಂಡರೆ ಹೇಳಿ. ಬಾಟಲಿಗಳನ್ನು ಹೊರಗಿನ ಲ್ಯಾಬಿಗೆ ನಿಮ್ಮ ಕೈಗೇ ಕೊಟ್ಟರೆ ಚಹಾ ಕುಡಿದು ಹೋಗೋಣ ಎನ್ನಬೇಡಿ, ತಾಸಿನೊಳಗೆ ಮುಟ್ಟಿಸಿ. ತಡವಾದರೆ ಒಳಗಿನ ಜೀವಕೋಶಗಳು ಒಡೆದು ಎಣಿಕೆ ತಪ್ಪುತ್ತದೆ. ಕಲ್ಚರಿನ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಯ) ಬಾಟಲಿ ಫ್ರಿಜ್ಜಿಗೂ ಬೇಡ, ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಗಾಡಿಯ ಡಿಕ್ಕಿಗೂ ಬೇಡ.

ಕೂಸಿನ ಉಸಿರು ಸರಿಯಿಲ್ಲದಿದ್ದರೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತೀರಾ ಇಳಿದಿದ್ದರೆ, ಸೂಜಿಯ ಜಾಗದಲ್ಲಿ ಕುರು ಇದ್ದರೆ ಡಾಕ್ಟರೇ ಮುಂದೂಡುತ್ತಾರೆ. ಆಂಟಿಬಯೋಟಿಕ್ ಮಾತ್ರ ಅದಕ್ಕಾಗಿ ಕಾಯುವುದಿಲ್ಲ.

ಕಾಲಿನ ಬಗ್ಗೆ ಇಷ್ಟು ಕೇಳುತ್ತೀರಿ, ಕಿವಿಯ ಬಗ್ಗೆ ಒಬ್ಬರೂ ಕೇಳುವುದಿಲ್ಲ! ಬ್ಯಾಕ್ಟೀರಿಯಾದ ಮಿದುಳು ಜ್ವರ ವಾಸಿಯಾದ ಮೇಲೂ ಕೇಳುವ ಶಕ್ತಿ ಹೋಗಿರಬಹುದು. ಡಿಸ್ಚಾರ್ಜಿಗೆ ಮುಂಚೆ, ಇಲ್ಲವೇ ಅಲ್ಲಿಂದ 4 ವಾರದೊಳಗೆ ಕಿವಿ ಕೇಳುತ್ತದೆಯೇ ನೋಡುವ ಬೇರಾ (BERA) ಪರೀಕ್ಷೆ ಮಾಡಿಸಿ. ಅವಸರ ಯಾಕೆಂದರೆ, ಒಳಗಿವಿಯಲ್ಲಿ ಎಲುಬು ಬೆಳೆದು ದಾರಿ ಮುಚ್ಚಿಬಿಟ್ಟರೆ ಮುಂದೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸುವಂತೆ ಒಳಗಿವಿಗೆ ಹಾಕುವ ಸಾಧನ) ಕೂರಿಸುವುದು ಕಷ್ಟ. "ತಾಟು ಬಿದ್ರ ಬೆಚ್ಚತಾದ್ರಿ" ಎಂಬುದು ಲೆಕ್ಕಕ್ಕಿಲ್ಲ, ನೆಲದ ಅದುರಿಗೂ ಕೂಸು ಬೆಚ್ಚುತ್ತದೆ, ಒಂದೇ ಕಿವಿ ಕೇಳಿದರೂ ಬೆಚ್ಚುತ್ತದೆ.

ಪರೀಕ್ಷೆ ನಡೆಯುವುದು ಕೂಸು ಮಲಗಿದಾಗ. ಬಸ್ಸಿನಲ್ಲಿ ಊರಿಂದ ಬರುವ ತನಕ ಗಡದ್ದಾಗಿ ಮಲಗಿ, ಆಸ್ಪತ್ರೆಯ ಬಾಗಿಲಲ್ಲಿ ಕಣ್ಣು ಬಿಟ್ಟರೆ ಆ ದಿನ ಹೋದಂತೆಯೇ. ದಾರಿಯಲ್ಲಿ ಆಡಿಸುತ್ತ ಬನ್ನಿ, ಹಾಲು ಅಲ್ಲಿ ಬಂದು ಕುಡಿಸಿ.