ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಕಾಕ್‌ಪಿಟ್‌ವರೆಗೆ ಒಂದೇ ಹೆಸರು

ಕಳೆದ ತಿಂಗಳು ಹಾಸನದ ಕಡೆಯ ಅಪ್ಪ-ಮಗ ಬಂದು ನನ್ನ ಟೇಬಲ್ ಮೇಲೆ ಒಂದು ಪ್ಲಾಸ್ಟಿಕ್ ಫೈಲ್ ಇಟ್ಟರು. ಹುಡುಗ ಪಿಯುಸಿ ಮುಗಿಸಿದ್ದಾನೆ, ಪೈಲಟ್ ಆಗಲು ಫ್ಲಾರಿಡಾಕ್ಕೆ ಹೋಗಬೇಕು. ಅಲ್ಲಿನ ಶಾಲೆಗೆ ಮುಂಗಡ ಕಟ್ಟಿಯೂ ಆಗಿದೆ. ಫೀಸು, ಹವಾಮಾನ, ಊಟ ಎಲ್ಲವನ್ನೂ ವಿಚಾರಿಸಿಕೊಂಡು ಬಂದಿದ್ದರು. ನಾನು ಫೈಲಿನಿಂದ ನಾಲ್ಕು ಕಾಗದ ತೆಗೆದು ಸಾಲಾಗಿ ಜೋಡಿಸಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಆರ್.’. ಪಿಯುಸಿಯಲ್ಲಿ ‘ಎಚ್.ಆರ್. ಮಂಜುನಾಥ್’. ಆಧಾರ್‌ನಲ್ಲಿ ಬರೀ ‘ಮಂಜುನಾಥ್’. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾನೆ ಖಾಲಿ, ಗಿವನ್ ನೇಮ್ ಖಾನೆಯಲ್ಲಿ ‘ಮಂಜುನಾಥ ಹೊಸಹಳ್ಳಿ ರಾಮಪ್ಪ’. (ಹೆಸರು ಬದಲಿಸಿದ್ದೇನೆ, ಆದರೆ ಗೊಂದಲ ಇದ್ದ ಹಾಗೇ ಇದೆ.)

“ಎಲ್ಲಾ ಇವನೇ ಅಲ್ವಾ ಸಾರ್?” ಅಂದರು ಅಪ್ಪ.

ಇವನೇ, ಸಂಶಯವಿಲ್ಲ. ಅದು ನನಗೆ ಗೊತ್ತು, ಅವರಿಗೆ ಗೊತ್ತು. ಹಾರಾಟ ಕಲಿಯಲು ಬರುವ ವಿದೇಶಿಯರ ಭದ್ರತಾ ತಪಾಸಣೆಗೆ ಅಮೆರಿಕದಲ್ಲಿ ಇವನ ಅರ್ಜಿ ನೋಡುವವರಿಗೆ ಗೊತ್ತಿಲ್ಲ.

ಹಲವು ವರ್ಷ ಅಮೆರಿಕದಲ್ಲಿ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಈಗ ಬೆಂಗಳೂರಿನಲ್ಲಿ ಕುಳಿತು ಹೊರಡುವ ಹುಡುಗ-ಹುಡುಗಿಯರ ಕಾಗದಪತ್ರ ನೋಡುತ್ತೇನೆ. “ಸೆಕ್ಯುರಿಟಿ ಚೆಕ್ ತುಂಬಾ ಕಷ್ಟವಂತೆ ಹೌದಾ?” ಎಂದು ಕೇಳದ ಪೋಷಕರಿಲ್ಲ. ನಾನು ಕಂಡಂತೆ ಅನುಮಾನಕ್ಕೆ ಸಿಕ್ಕಿ ತಡವಾದವರು ಬೆರಳೆಣಿಕೆಯಷ್ಟೂ ಇಲ್ಲ. ತಮ್ಮದೇ ಕಾಗದಗಳು ಒಂದಕ್ಕೊಂದು ತಾಳೆಯಾಗದೆ ತಡವಾದವರು ಲೆಕ್ಕವಿಲ್ಲದಷ್ಟು.

ಈ ತಪಾಸಣೆ ಯಾಕೆ ಬಂತು ಅನ್ನುವುದು ಗೊತ್ತಿದ್ದರೆ ಅದರ ಮೇಲಿನ ಸಿಟ್ಟು ಅರ್ಧ ಕಡಿಮೆಯಾಗುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ವಿಮಾನ ನಡೆಸಿದವರಲ್ಲಿ ಇಬ್ಬರು, ಮೊಹಮ್ಮದ್ ಅಟ್ಟಾ ಮತ್ತು ಮರ್ವಾನ್ ಅಲ್ ಶೆಹ್ಹಿ, ಫ್ಲಾರಿಡಾದ ವೆನಿಸ್ ಎಂಬ ಸಣ್ಣ ಪಟ್ಟಣದಲ್ಲಿ ಹಾರಾಟ ಕಲಿತವರು. ಸಂದರ್ಶಕರ ವೀಸಾದಲ್ಲಿ ಬಂದು, ವಿದ್ಯಾರ್ಥಿ ವೀಸಾಕ್ಕೆ ಬದಲಿಸಿಕೊಡಿ ಎಂದು ಅರ್ಜಿ ಹಾಕಿದ್ದರು. ಆ ಅರ್ಜಿ ಮಂಜೂರಾಗಿದೆ ಎಂಬ ಕಾಗದ ಅವರ ಶಾಲೆಗೆ ತಲುಪಿದ್ದು 2002ರ ಮಾರ್ಚ್ 11ರಂದು. ಇಬ್ಬರೂ ಸತ್ತು, ಸಾವಿರಾರು ಜನರನ್ನು ಕೊಂದು, ಆಗಲೇ ಸರಿಯಾಗಿ ಆರು ತಿಂಗಳಾಗಿತ್ತು. ಇಡೀ ಜಗತ್ತಿಗೆ ಗೊತ್ತಿದ್ದ ಹೆಸರುಗಳು ಅಲ್ಲಿನ ವಲಸೆ ಕಚೇರಿಯ ಕಡತಕ್ಕೆ ಗೊತ್ತಿರಲಿಲ್ಲ. ನಮ್ಮ ತಾಲ್ಲೂಕು ಕಚೇರಿಯನ್ನು ಬೈಯುವವರಿಗೆ ನಾನು ಈ ಕಥೆ ಹೇಳುವುದುಂಟು.

2001ರ ನವೆಂಬರ್‌ನಲ್ಲಿ ಬಂದ ಕಾನೂನಿನಿಂದ ಟಿಎಸ್‌ಎ, ಅಂದರೆ ಸಾರಿಗೆ ಭದ್ರತಾ ಆಡಳಿತ, ಹುಟ್ಟಿಕೊಂಡಿತು. ವಿದೇಶಿ ವಿದ್ಯಾರ್ಥಿಗಳ ತಪಾಸಣೆ ಮೊದಲು ನ್ಯಾಯ ಇಲಾಖೆಯ ಬಳಿ ಇತ್ತು, 2004ರಲ್ಲಿ ಟಿಎಸ್‌ಎಗೆ ಬಂತು. ಇಪ್ಪತ್ತು ವರ್ಷ ‘ತಾತ್ಕಾಲಿಕ’ ನಿಯಮವಾಗಿಯೇ ನಡೆದು, ಅಂತಿಮ ನಿಯಮ ಜಾರಿಯಾದದ್ದು 2024ರ ಜುಲೈ 30ಕ್ಕೆ. ಈಗಿನ ಹೆಸರು ಫ್ಲೈಟ್ ಟ್ರೈನಿಂಗ್ ಸೆಕ್ಯುರಿಟಿ ಪ್ರೋಗ್ರಾಂ. ಮೊದಲು ಪ್ರೈವೇಟ್ ಪೈಲಟ್ ತರಬೇತಿಗೆ ಒಮ್ಮೆ, ಉಪಕರಣ ನೋಡಿಕೊಂಡೇ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಇನ್ನೊಮ್ಮೆ, ಎರಡು ಎಂಜಿನ್ನಿನ ವಿಮಾನಕ್ಕೆ ಮತ್ತೊಮ್ಮೆ ಎಂದು ಪ್ರತಿ ಸಲವೂ ಹೊಸದಾಗಿ ತಪಾಸಣೆ, ಹೊಸದಾಗಿ ಹಣ. ಈಗ ಒಮ್ಮೆ ಪಾಸಾದರೆ ಐದು ವರ್ಷ ನಡೆಯುತ್ತದೆ, ಶುಲ್ಕ 140 ಡಾಲರ್. ಪ್ರತಿ ತರಬೇತಿಯ ವಿವರವನ್ನು ಶಾಲೆ ದಾಖಲಿಸಬೇಕಾದ್ದು ತಪ್ಪಿಲ್ಲ.

ಕ್ಲಾಸ್‌ರೂಮಿನ ಪಾಠಕ್ಕೆ ಈ ಅನುಮತಿ ಬೇಕಿಲ್ಲ. ಒಮ್ಮೆ ಕೂತು ನೋಡೋಣ ಎಂದು ಹೋಗುವ ಡಿಸ್ಕವರಿ ಫ್ಲೈಟ್‌ಗೂ ಬೇಕಿಲ್ಲ. ಲೈಸೆನ್ಸಿಗೆಂದು ತರಬೇತಿ ಶುರುವಾಯಿತೋ, ಬೇಕು. ವಿಮಾನ ಎಷ್ಟು ಚಿಕ್ಕದಾದರೂ ಅಷ್ಟೇ.

ಬೇ ಏರಿಯಾ, ಡಲ್ಲಾಸ್ ಕಡೆಯ ನಮ್ಮ ಸಾಫ್ಟ್‌ವೇರ್ ಮಂದಿಗೆ ಇಲ್ಲೊಂದು ಮಾತು. ನೀವು ಎಚ್-1ಬಿಯಲ್ಲಿದ್ದು ಶನಿವಾರ-ಭಾನುವಾರ ಹವ್ಯಾಸಕ್ಕೆ ಕಲಿಯುತ್ತೀರಿ ಎಂದರೂ ಟಿಎಸ್‌ಎ ಅನುಮತಿ ಬೇಕೇ ಬೇಕು. ಗ್ರೀನ್ ಕಾರ್ಡ್ ಬಂದಿದ್ದರೂ ಬೇಕು. ಅಲ್ಲೇ ಹುಟ್ಟಿದ ನಿಮ್ಮ ಮಗಳು ಮಾತ್ರ ಪಾಸ್‌ಪೋರ್ಟ್ ತೋರಿಸಿ ಪೌರತ್ವ ಸಾಬೀತು ಮಾಡಿದರೆ ಸಾಕು. ಇನ್‌ಸ್ಟ್ರಕ್ಟರ್ ಅವಳ ಲಾಗ್‌ಬುಕ್‌ನಲ್ಲಿ ಒಂದು ಸಾಲು ಬರೆದು ಸಹಿ ಹಾಕುತ್ತಾರೆ. ಅಪ್ಪ ವಾರಗಟ್ಟಲೆ ಕಾದು ಕೂತಿರುವಾಗ ಮಗಳು ಆಗಲೇ ಟೇಕಾಫ್ ಕಲಿತಿರುತ್ತಾಳೆ.

ಅರ್ಜಿ ಆನ್‌ಲೈನ್. ಪಾಸ್‌ಪೋರ್ಟ್, ವೀಸಾ ಅಪ್‌ಲೋಡ್ ಮಾಡಬೇಕು, ಯಾವ ಶಾಲೆಯಲ್ಲಿ ಏನು ಕಲಿಯುತ್ತೀರಿ ಎಂದು ಹೇಳಬೇಕು, ಹೌದೆಂದು ಶಾಲೆ ಒಪ್ಪಬೇಕು. ಆಮೇಲೆ ಹಣ, ಬೆರಳಚ್ಚು. ನಮ್ಮವರು ಮುಗ್ಗರಿಸುವುದು ಹಿಂದಿನ ಐದು ವರ್ಷದ ವಿಳಾಸದಲ್ಲಿ. ಹದಿನೆಂಟರ ಹುಡುಗನಿಗೆ ಎಷ್ಟು ವಿಳಾಸ ಇರಲು ಸಾಧ್ಯ ಅಂದುಕೊಳ್ಳಬೇಡಿ. ಊರಿನ ಮನೆ, ಮೂಡುಬಿದಿರೆಯಲ್ಲಿ ಪಿಯುಸಿ ಹಾಸ್ಟೆಲ್, ಸಿಇಟಿ ಕೋಚಿಂಗ್‌ಗೆಂದು ವಿಜಯನಗರದ ಚಿಕ್ಕಮ್ಮನ ಮನೆ, ಆಮೇಲೆ ಜಕ್ಕೂರಿನ ಪಿಜಿ. ‘ಬಸ್ ಸ್ಟ್ಯಾಂಡ್ ಹಿಂಭಾಗ, ಗಣಪತಿ ದೇವಸ್ಥಾನದ ಎದುರು’ ಎಂಬ ವಿಳಾಸ ನಮ್ಮ ಪೋಸ್ಟ್‌ಮ್ಯಾನ್‌ಗೆ ಸಾಕು, ಆ ಖಾನೆಗಳಿಗೆ ಸಾಲದು. ಇಸವಿ, ತಿಂಗಳು ಸಮೇತ, ನಡುವೆ ಖಾಲಿ ಬಿಡದೆ ಬರೆಯಬೇಕು. ಮನೆಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಬರೆಯಿರಿ ಎಂದು ನಾನು ಹೇಳುತ್ತೇನೆ. ಯಾವ ತಿಂಗಳು ಹಾಸ್ಟೆಲ್ ಬಿಟ್ಟ ಎನ್ನುವುದು ನೆನಪಿರುವುದು ಅವರಿಗೇ.

ಬೆರಳಚ್ಚಿನದು ಸಣ್ಣ ವಿಷಯ, ಆದರೂ ಒಂದು ನೆನಪು. ಶಿರಸಿ ಕಡೆಯ ಒಬ್ಬ ಹುಡುಗನ ಬೆರಳಚ್ಚು ಎರಡು ಸಲ ತಿರಸ್ಕೃತವಾಯಿತು. ಹೊರಡುವ ಮುಂಚೆ ಎರಡು ತಿಂಗಳು ಮನೆಯಲ್ಲಿ ಅಡಿಕೆ ಸುಲಿದು ಬಂದಿದ್ದ. ಹೆಬ್ಬೆರಳಿನ ಗೆರೆಯೇ ಸವೆದಿತ್ತು. ಅರಿಜೋನಾದ ಒಣಹವೆಯಲ್ಲಿ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಮೂರನೇ ಸಲ ಹೋದ, ಆಯಿತು.

ಅನುಮತಿಯ ಇಮೇಲ್ ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ವಿದ್ಯಾರ್ಥಿ ತರಬೇತಿಗೆ ಬಂದು ನಿಂತಾಗ ಶಾಲೆಯವರೇ ಅವನ ಫೋಟೊ ತೆಗೆದು ಟಿಎಸ್‌ಎಗೆ ಕಳಿಸಬೇಕು. ಅರ್ಜಿ ಹಾಕಿದವನೇ ಸೀಟಿನಲ್ಲಿ ಕೂತಿದ್ದಾನೆ ಎನ್ನುವುದಕ್ಕೆ ಅದು ಸಾಕ್ಷಿ. ಹ್ಯಾಂಗರಿನ ಬಿಳಿ ತಗಡಿಗೆ ಒರಗಿಸಿ ಎಷ್ಟು ಮಕ್ಕಳ ಫೋಟೊ ತೆಗೆದಿದ್ದೇನೋ. ಎಲ್ಲರ ಮುಖದಲ್ಲೂ ನಿದ್ದೆ ಇಲ್ಲದ ನಗು.

ಈಗ ಹೆಸರಿಗೆ ಬರೋಣ. ಅಮೆರಿಕದವರಿಗೆ ಸರ್‌ನೇಮ್ ಇಲ್ಲದ ಮನುಷ್ಯ ಇರುತ್ತಾನೆ ಎಂಬ ಕಲ್ಪನೆಯೇ ಇಲ್ಲ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿ ಇನಿಷಿಯಲ್ ಮಾಡಿಕೊಂಡು ಹಾಯಾಗಿದ್ದೇವೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಲ್ಲಿಂದ ಶುರು. ವಿದ್ಯಾರ್ಥಿ ವೀಸಾಕ್ಕೆಂದು ಶಾಲೆ ಕೊಟ್ಟ ಐ-20 ಪತ್ರದಲ್ಲಿ ಒಂದು ಥರ, ವೀಸಾದಲ್ಲಿ ಒಂದು ಥರ, ಟಿಎಸ್‌ಎ ಅರ್ಜಿಯಲ್ಲಿ ಹುಡುಗನೇ ಬರೆದದ್ದು ಇನ್ನೊಂದು ಥರ. ನಾನು ಕಲಿಸುತ್ತಿದ್ದ ಒಂದು ಶಾಲೆಯ ಕಚೇರಿಯಲ್ಲಿ ಒಬ್ಬನ ಊರಿನ ಹೆಸರನ್ನು ಮೊದಲ ಹೆಸರಾಗಿ ಟೈಪ್ ಮಾಡಿಬಿಟ್ಟಿದ್ದರು. ಅದನ್ನು ತಿದ್ದಿಸುವುದರಲ್ಲಿ ಐದು ವಾರ ಹೋಯಿತು. ಆ ಐದು ವಾರ ಹುಡುಗ ಬಾಡಿಗೆ ಕಟ್ಟುತ್ತಾ, ರನ್‌ವೇ ಬದಿಯ ಬೇಲಿ ಹಿಡಿದು ಬೇರೆಯವರು ಹಾರುವುದನ್ನು ನೋಡುತ್ತಾ ಕಳೆದ.

ಕನ್ನಡಿಗರಿಗೆ ಇನ್ನೊಂದು ಹೆಚ್ಚುವರಿ ಉಪದ್ರವ, ಕೊನೆಯ ‘ಅ’ಕಾರ. ಮಂಜುನಾಥ, ಬಸವರಾಜ, ಶ್ರೀನಿವಾಸ ಎಂದು ನಾವು ಪೂರ್ತಿ ಉಚ್ಚರಿಸುತ್ತೇವೆ, ಸ್ಕೂಲ್ ಮೇಷ್ಟ್ರು ಇಂಗ್ಲಿಷಿನಲ್ಲಿ ಕೊನೆಗೆ ‘ಎ’ ಹಾಕುತ್ತಾರೆ. ಆಧಾರ್ ಮಾಡುವವರು ಅದನ್ನು ಕತ್ತರಿಸುತ್ತಾರೆ. ಒಂದು ಅಕ್ಷರ ತಾನೇ ಎಂದು ಮನೆಯವರು ಬಿಡುತ್ತಾರೆ. ಹೆಸರು ಹುಡುಕುವ ಯಂತ್ರ ಅಷ್ಟು ಉದಾರಿಯಲ್ಲ.

ಹಾಗಾಗಿ ನಾನು ಹೇಳುವ ಕ್ರಮ ಹೀಗೆ. ವೀಸಾಕ್ಕೆ, ಶಾಲೆಗೆ ಅರ್ಜಿ ಹಾಕುವ ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ, ಸರ್‌ನೇಮ್ ಖಾನೆ ತುಂಬಿಸಿ. ಆಮೇಲೆ ಪ್ರತಿಯೊಂದು ಕಡೆಯೂ ಪಾಸ್‌ಪೋರ್ಟ್ ನೋಡಿಕೊಂಡೇ ಅಕ್ಷರಕ್ಕಕ್ಷರ ಬರೆಯಿರಿ, ನೆನಪಿನಿಂದ ಬರೆಯಬೇಡಿ. ಹಳೆಯ ಕಾಗದಗಳಲ್ಲಿರುವ ಬೇರೆ ರೂಪಗಳನ್ನು ‘ಇತರ ಹೆಸರುಗಳು’ ಎಂದು ಕೇಳಿದ ಕಡೆ ಎಲ್ಲವನ್ನೂ ಬರೆಯಿರಿ. ಅನುಮಾನ ಬಂದೀತು ಎಂದು ಬಚ್ಚಿಡುವವರಿದ್ದಾರೆ. ನೀವೇ ಹೇಳಿದ ಎರಡನೇ ಹೆಸರು ಮಾಹಿತಿ, ಅವರೇ ಹುಡುಕಿದ ಎರಡನೇ ಹೆಸರು ತಲೆನೋವು.

ವೀಸಾದ ಬಗ್ಗೆ ಚಿಕ್ಕದಾಗಿ. ವೃತ್ತಿ ತರಬೇತಿಗೆ ಎಂ-1, ಕೆಲವು ಕಾಲೇಜು ಮಾದರಿಯ ಕೋರ್ಸುಗಳಿಗೆ ಎಫ್-1. ಎರಡಕ್ಕೂ, ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಗೆ 350 ಡಾಲರಿನ ಶುಲ್ಕ ಬೇರೆ. ಎಂ-1ರಲ್ಲಿ ಒಮ್ಮೆಗೆ ಒಂದು ವರ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ, ಅಲ್ಲಿಗೆ ಹೋದ ಮೇಲೆ ಎಫ್-1ಕ್ಕೆ ಬದಲಿಸಿಕೊಳ್ಳಲೂ ಆಗುವುದಿಲ್ಲ. ‘ಮೊದಲು ಹೋಗಿಬಿಡು, ಆಮೇಲೆ ನೋಡೋಣ’ ಎನ್ನುವ ಏಜೆಂಟರಿಂದ ದೂರ ಇರಿ.

ಲೈಸೆನ್ಸ್ ಕೊಡುವ ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ಆಡಳಿತದ್ದು, ಬೇರೆಯೇ ಕಡತ. 2016ರ ಏಪ್ರಿಲ್‌ನಿಂದ ಸ್ಟೂಡೆಂಟ್ ಪೈಲಟ್ ಸರ್ಟಿಫಿಕೇಟ್ ಕೂಡ ಟಿಎಸ್‌ಎ ಕಣ್ಣಿಗೆ ಬಿದ್ದೇ ಪ್ಲಾಸ್ಟಿಕ್ ಕಾರ್ಡಾಗಿ ಬರುತ್ತದೆ. ಪರೀಕ್ಷೆ ಪಾಸಾದ ದಿನ ಕೈಗೆ ಸಿಗುವ ತಾತ್ಕಾಲಿಕ ಕಾಗದಕ್ಕೆ 120 ದಿನದ ಆಯಸ್ಸು. ಹೊಸದಾಗಿ ಸೇರಿದ್ದು ಇನ್ನೊಂದು: ಅಮೆರಿಕದ ವಿಳಾಸ ಇಲ್ಲದ ಲೈಸೆನ್ಸುದಾರರು ತಮ್ಮ ಪರವಾಗಿ ಕಾನೂನು ಪತ್ರ ಸ್ವೀಕರಿಸುವ ಒಬ್ಬ ಏಜೆಂಟನ್ನು ಅಮೆರಿಕದೊಳಗೆ ನೇಮಿಸಬೇಕು. ಹಳಬರಿಗೆ 2025ರ ಜುಲೈ 7ರ ಗಡುವಿತ್ತು. ಊರಿಗೆ ವಾಪಸು ಬಂದು ಎಫ್‌ಎಎ ಲೈಸೆನ್ಸನ್ನು ಬೀರುವಿನಲ್ಲಿಟ್ಟ ಎಷ್ಟೋ ಮಂದಿಗೆ ಇದು ಇನ್ನೂ ಗೊತ್ತಿಲ್ಲ.

ವಾಪಸು ಬಂದ ಮೇಲಿನ ಕಥೆ ನಿಂತಿರುವುದು ಹೋಗುವ ಮುಂಚೆ ಏನು ಮಾಡಿದಿರಿ ಎನ್ನುವುದರ ಮೇಲೆ. ಭಾರತದಲ್ಲಿ ಕೆಲಸ ಮಾಡಬೇಕಾದರೆ ಡಿಜಿಸಿಎ, ಅಂದರೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಲೈಸೆನ್ಸ್ ಬೇಕು. ಆದ್ದರಿಂದ ವೈದ್ಯಕೀಯ ಪರೀಕ್ಷೆ ಮೊದಲು. ಮೊದಲ ಹಂತದ ಕ್ಲಾಸ್ 2 ಮುಗಿಸಿ, ವೃತ್ತಿ ಪೈಲಟ್‌ಗೆ ಬೇಕಾದ ಕ್ಲಾಸ್ 1 ಕೂಡ ಇಲ್ಲೇ ಮಾಡಿಸಿ. ನಮ್ಮ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಜಾಗ ಎಷ್ಟೋ ರಾಜ್ಯಗಳವರಿಗೆ ಹತ್ತಿರದಲ್ಲಿಲ್ಲ. ಲಕ್ಷಗಟ್ಟಲೆ ಸುರಿದು ಬಂದ ಮೇಲೆ ಬಣ್ಣಗುರುಡು ಎಂದು ಗೊತ್ತಾದ ಒಬ್ಬನನ್ನು ಕಂಡಿದ್ದೇನೆ. ಆ ಮನೆಗೆ ಇನ್ನೊಮ್ಮೆ ಹೋಗಲು ನನಗೆ ಮನಸ್ಸಾಗಲಿಲ್ಲ. ಎರಡನೆಯದು ಡಿಜಿಸಿಎ ಪರೀಕ್ಷೆಗೆ ಬೇಕಾದ ಕಂಪ್ಯೂಟರ್ ನಂಬರ್, ಅಂದರೆ ಅಭ್ಯರ್ಥಿಯ ಗುರುತಿನ ಸಂಖ್ಯೆ. ಇದಕ್ಕೆ ಭೌತಶಾಸ್ತ್ರ, ಗಣಿತ ಓದಿದ ಪಿಯುಸಿ ಅಂಕಪಟ್ಟಿ ಬೇಕು, ಅದು ಅಸಲಿಯೇ ಎಂಬ ಪರಿಶೀಲನೆಯೂ ಇರುತ್ತದೆ. ಇಲ್ಲಿ ಹೆಸರು ಅಂಕಪಟ್ಟಿಯ ಪ್ರಕಾರ, ಅಲ್ಲಿ ಎಫ್‌ಎಎ ಲೈಸೆನ್ಸ್ ಪಾಸ್‌ಪೋರ್ಟ್ ಪ್ರಕಾರ. ಎರಡೂ ಬೇರೆಯಾಗಿದ್ದರೆ ‘ಇಬ್ಬರೂ ಒಬ್ಬನೇ’ ಎಂದು ಛಾಪಾ ಕಾಗದದಲ್ಲಿ ನೋಟರಿ ಮುಂದೆ ಪ್ರಮಾಣ ಮಾಡುತ್ತಾ ಓಡಾಡಬೇಕು.

ಈ ಓಡಾಟಕ್ಕೆ ಬೆಲೆ ಇದೆ. ವಾಣಿಜ್ಯ ಪೈಲಟ್ ಲೈಸೆನ್ಸಾದ ಸಿಪಿಎಲ್‌ಗೆ ಬೇಕಾದ 200 ಗಂಟೆಯ ಹಾರಾಟದಲ್ಲಿ, ವಿಮಾನದ ಹೊಣೆ ಹೊತ್ತ ಪೈಲಟ್ ಇನ್ ಕಮಾಂಡ್ ಆಗಿ ಹಾರಿದ 15 ಗಂಟೆಯಾದರೂ ಅರ್ಜಿಯ ಹಿಂದಿನ ಆರು ತಿಂಗಳೊಳಗೆ ಇರಬೇಕು. ಎಫ್‌ಎಎಯಿಂದ ದೃಢೀಕರಣ ಬರಲಿಲ್ಲ, ಹೆಸರು ತಾಳೆಯಾಗಲಿಲ್ಲ ಎಂದು ಕಾಯುತ್ತಾ ಆರು ತಿಂಗಳು ಕಳೆದರೆ ಮತ್ತೆ ದುಡ್ಡು ಕೊಟ್ಟು ಹಾರಬೇಕು. ಡಿಜಿಸಿಎ ಇಷ್ಟು ಕೆದಕುವುದಕ್ಕೂ ಕಾರಣವಿದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದು ಬಂಧನಗಳಾದವು, ಆಗಿನಿಂದ ಯಾರ ಕಾಗದವನ್ನೂ ಅವರು ಮುಖ ನೋಡಿ ನಂಬುವುದಿಲ್ಲ. ರೇಡಿಯೊ ಲೈಸೆನ್ಸಾದ ಆರ್‌ಟಿಆರ್‌ಗೆ ಹಿಂದೆ ದೂರಸಂಪರ್ಕ ಇಲಾಖೆಯ ಬಾಗಿಲು ತಟ್ಟಬೇಕಿತ್ತು. 2025ರ ಜನವರಿ 1ರಿಂದ ಜಾರಿಯಾದ ಭಾರತೀಯ ವಾಯುಯಾನ ಅಧಿನಿಯಮ ಅದನ್ನೂ ಡಿಜಿಸಿಎ ಕೈಗೆ ಕೊಟ್ಟಿದೆ. ಒಂದು ಬಾಗಿಲು ಕಡಿಮೆಯಾಯಿತು.

ಇಲ್ಲೇ ಕಲಿಯುತ್ತೇವೆ ಎನ್ನುವವರಿಗೂ ಕಾಗದ ತಪ್ಪಿದ್ದಲ್ಲ. ಬೆಳಗಾವಿ, ಕಲಬುರಗಿಯಂಥ ವಾಣಿಜ್ಯ ವಿಮಾನ ನಿಲ್ದಾಣದೊಳಗಿನ ತರಬೇತಿ ಶಾಲೆಗೆ ಸೇರಿದರೆ ಒಳಗೆ ಕಾಲಿಡುವುದಕ್ಕೇ ಪ್ರವೇಶಪತ್ರದ ನಿಯಮಗಳಿವೆ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗನನ್ನು ತಾತನ ಊರಿನ ಹತ್ತಿರ ಕಲಿಸೋಣ ಎಂದು ಕೇಳುವವರೂ ಇದ್ದಾರೆ. ಅವನು ಕನ್ನಡ ಎಷ್ಟೇ ಚೆನ್ನಾಗಿ ಮಾತಾಡಲಿ, ಕಾನೂನಿಗೆ ವಿದೇಶಿ. ನಮ್ಮ ಗೃಹ ಸಚಿವಾಲಯದ ಸೆಕ್ಯುರಿಟಿ ಕ್ಲಿಯರೆನ್ಸ್ ಬರುವ ತನಕ ಕಾಯಬೇಕು.

ಹಾಸನದ ಅಪ್ಪ-ಮಗನಿಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಎರಡು ಸಲ ಬಂದಿತ್ತು. ಪಾಸ್‌ಪೋರ್ಟ್ ರೀಇಶ್ಯೂ ಫಾರ್ಮ್ ತೆರೆದೆ. ಸರ್‌ನೇಮ್ ಖಾನೆಗೆ ಯಾವುದನ್ನು ಹಾಕೋಣ, ಹೊಸಹಳ್ಳಿಯೋ ರಾಮಪ್ಪನೋ ಎಂದು ಕೇಳಿದೆ. ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು.

“ಊರಿನ ಹೆಸರೇ ಹಾಕಿ ಸಾರ್. ನನ್ನ ಹೆಸರು ಹಾಕಿದ್ರೆ ಅಲ್ಲಿನವರು ಇವನನ್ನ ರಾಮಪ್ಪ, ರಾಮಪ್ಪ ಅಂತ ಕರೀತಾರೆ. ಫೋನಲ್ಲಿ ಇವರಮ್ಮನ ಕಿವಿಗೆ ಬಿದ್ರೆ ಗಾಬರಿ ಆಗ್ತಾಳೆ.”

ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮುಂದಿನ ಗುರುವಾರ ಬೆಳಿಗ್ಗೆ ಒಂಬತ್ತೂ ಕಾಲಿನ ಅಪಾಯಿಂಟ್‌ಮೆಂಟ್ ಸಿಕ್ಕಿತು.